ತಿರುಗಿ ನೋಡುವ ಕೈ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲ ಸಲ ಮುನಿಸಿಕೊಳ್ಳುವುದು ಮದುವೆಗೆ ಕರೆಯಲು ಹೋದಾಗ. ಮಗಳ ಮದುವೆ, ಮನೆಮಂದಿಯೆಲ್ಲ ಬರಬೇಕು ಎಂದು ಕುಂಕುಮವಿಟ್ಟು ಲಗ್ನಪತ್ರಿಕೆ ಕೊಟ್ಟರೆ, ಮನೆಯ ಯಜಮಾನ 'ಲೊಚ್' ಎಂದು ಲೊಚಗುಟ್ಟಿ, ಆಮೇಲೆ 'ಬಹಳ ಸಂತೋಷ' ಎನ್ನುತ್ತಾನೆ. ಬಂದವರಿಗೆ ಮೈಯೆಲ್ಲ ಉರಿದುಹೋಗುತ್ತದೆ. ಪಾಪ, ಆತನದೇನೂ ತಪ್ಪಿಲ್ಲ. ಆತ ನೀಲಾಂಬಿಕೆ ಮೇಡಂ ಕೈಯವನು. ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದ ಮುಖ್ಯಸ್ಥೆ ನೀಲಾಂಬಿಕೆ ಮೇಡಂ ಯಾವ ಮಾತು ಶುರುಮಾಡುವ ಮುಂಚೆಯೂ ಒಮ್ಮೆ ಲೊಚಗುಟ್ಟುತ್ತಿದ್ದರು. ಊರಿನ ಅರ್ಧ ಜನ ಅವರ ಕೈಗೇ ಹುಟ್ಟಿದವರು. ನಮ್ಮ ಸಂತೆಯಲ್ಲಿ ಒಮ್ಮೆ ಪರವೂರಿನ ಮುದುಕಿಯೊಬ್ಬಳು ಸುತ್ತಮುತ್ತ ಹಲ್ಲಿ ನುಡಿಯುತ್ತಿದೆಯೆಂದುಕೊಂಡು 'ಕೃಷ್ಣ ಕೃಷ್ಣ' ಎಂದು ನೆಲ ಕುಟ್ಟುತ್ತಾ ಕೂತುಬಿಟ್ಟಿದ್ದಳಂತೆ.

ಬಣ್ಣ ಅಪ್ಪನದು, ಮೂಗು ಅಮ್ಮನದು, ಚಾಳಿ ಕೈಯದು. ಇದು ನಮ್ಮೂರಿನ ಲೆಕ್ಕ. ಕೂಸು ಭೂಮಿಗೆ ಬೀಳುವಾಗ ಮೊದಲು ಹಿಡಿದ ಕೈ ಯಾರದೋ, ಅವರ ಒಂದು ಚಾಳಿ ಕೂಸಿಗೆ. ನಮ್ಮಪ್ಪನನ್ನು ಹಿಡಿದ ಡಾಕ್ಟರಿಗೆ ಯಾರು ಏನೇ ಹೇಳಿದರೂ 'ಆಯ್ತು ಆಯ್ತು' ಎಂದುಬಿಡುವ ಚಾಳಿಯಿತ್ತು. ಅಪ್ಪ ತನ್ನ ಮದುವೆಯಲ್ಲಿ ಪುರೋಹಿತರು ಮಂತ್ರ ಮುಗಿಸುವ ಮುಂಚೆಯೇ ಆಯ್ತು ಆಯ್ತು ಎಂದು ಎದ್ದು ನಿಂತವನು.

ಇರಿ, ಒಂದು ಮಾತು ಹಿಂದೆಯೇ ಬಿಟ್ಟುಬಂದೆ. ನಮ್ಮದು ದೊಡ್ಡಾಸ್ಪತ್ರೆ ಅಂದೆನಲ್ಲ, ಅಲ್ಲಿ ಬರೀ ಹೆರಿಗೆ ಮಾಡಿಸುವುದಿಲ್ಲ, ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆ. ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗ ಹುಡುಗಿಯರು ಎಲ್ಲೆಲ್ಲಿಂದಲೋ ಬಂದು ಮೂರು ವರ್ಷ ಇದ್ದು, ಪ್ರಸೂತಿ ತಜ್ಞರಾಗಿ ಹೋಗುತ್ತಾರೆ. ಅವರಿಗೆ ಪಿ.ಜಿ. ಡಾಕ್ಟರು ಅನ್ನುತ್ತೇವೆ. ಮನೆಯ ಸೊಸೆಗೆ ಏಳನೇ ತಿಂಗಳು ಬಿದ್ದಕೂಡಲೇ ಹಿರಿಯರು ಗುರುವಾರ ಆಸ್ಪತ್ರೆ ಕ್ಯಾಂಟೀನಿಗೆ ಬಂದು, ಕಾಫಿ ತರಿಸಿಕೊಂಡು, ಈ ಪಿ.ಜಿ.ಗಳು ಹೇಗೆ ತಿನ್ನುತ್ತಾರೆ, ಹೇಗೆ ನಡೆಯುತ್ತಾರೆ, ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೋ ಇಲ್ಲವೋ ಎಂದು ನೋಡುತ್ತಾ ಕೂರುತ್ತಾರೆ. ಇದಕ್ಕೆ ಕೈ ನೋಡುವುದು ಎಂದು ಹೆಸರು. ಹೆಣ್ಣು ನೋಡುವುದಕ್ಕಿಂತ ಬಿಗಿ. ಹೆರುವವಳು ಮಾತ್ರ ಮನೆಯಲ್ಲೇ ಇರುತ್ತಿದ್ದಳು. ಅವಳನ್ನು ಕೇಳುವ ಪದ್ಧತಿ ಇರಲಿಲ್ಲ.

ನಾನು ಹುಟ್ಟುವ ಕಾಲಕ್ಕೆ ಊರಿನಲ್ಲಿ ಬಹಳ ಬೇಡಿಕೆಯಿದ್ದ ಕೈ ಡಾಕ್ಟರ್ ಮುನೀರನದು. ಮುನೀರ್ ತಲೆ ಇಟ್ಟಲ್ಲಿ ನಿದ್ದೆಹೋಗುವ ಆಸಾಮಿ. ಮೇಜು ಸಿಕ್ಕರೆ ಮೇಜು, ಗೋಡೆ ಸಿಕ್ಕರೆ ಗೋಡೆ. ರಾತ್ರಿಯಿಡೀ ಅಳದೆ ಮಲಗುವ ಕೂಸು ಯಾರಿಗೆ ಬೇಡ ಹೇಳಿ. ಜನ ಅವನ ಹಿಂದೆ ಬಿದ್ದರು. ಬಿದ್ದಷ್ಟೂ ಅವನಿಗೆ ಹೆರಿಗೆ ಹೆಚ್ಚಾಯಿತು, ಹೆರಿಗೆ ಹೆಚ್ಚಾದಷ್ಟೂ ದಣಿವು, ದಣಿದಷ್ಟೂ ನಿದ್ದೆ, ನಿದ್ದೆ ಕಂಡಷ್ಟೂ ಜನ. ಮುಂದೆ ಆ ಮಕ್ಕಳು ಶಾಲೆಗೆ ಬಂದಾಗ ಮೇಷ್ಟರುಗಳು ಪಟ್ಟ ಪಾಡು ಬೇರೆ ಕಥೆ.

ಯಾರಿಗೂ ಬೇಡವಾದ ಕೈ ಡಾಕ್ಟರ್ ವಾರಿಜಾಳದು. ವಾರಿಜಾ ತನ್ನ ಅಜ್ಜಿಯ ಹೆಸರು ಹೊತ್ತ, ಕಡ್ಡಿಯಂಥ ಹುಡುಗಿ. ಓದಿನಲ್ಲಿ ಚುರುಕು, ಕೈಯಲ್ಲಿ ಹದ. ಆದರೆ ಯಾವ ಬಾಗಿಲು ದಾಟಿದರೂ ಅವಳಿಗೆ ಒಮ್ಮೆ ಹಿಂದಿರುಗಿ ನೋಡಲೇಬೇಕು. ನಲ್ಲಿ ನಿಲ್ಲಿಸಿದೆನೇ, ಬೀಗ ಹಾಕಿದೆನೇ, ಮೂರನೇ ಮಂಚದವಳ ಗ್ಲೂಕೋಸು ಸರಿಯಾಗಿ ಇಳಿಯುತ್ತಿದೆಯೇ. ನೋಡಿ ಬಂದಮೇಲೂ ನೋಡಿದ್ದು ಸರಿಯಾಗಿತ್ತೇ ಎಂದು ಮತ್ತೊಮ್ಮೆ. ಕ್ಯಾಂಟೀನಿನಿಂದ ವಾರ್ಡಿಗೆ ಹೋಗುವಷ್ಟರಲ್ಲಿ ಅವಳು ವಾರ್ಡಿನಿಂದ ಕ್ಯಾಂಟೀನಿಗೂ ಒಂದು ಸಲ ಬಂದಿರುತ್ತಿದ್ದಳು. ಗುರುವಾರದ ಹಿರಿಯರು ಇದನ್ನು ನೋಡಿ ಕಾಫಿ ಲೋಟ ಕೆಳಗಿಟ್ಟು ತಲೆಯಾಡಿಸುತ್ತಿದ್ದರು. ಈ ಕೈಗೆ ಹುಟ್ಟಿದ ಗಂಡು ಕೆಲಸಕ್ಕೆಂದು ಹೊರಟು ಹೊಸಿಲು ದಾಟುತ್ತದೆಯೇ? ಈ ಕೈಗೆ ಹುಟ್ಟಿದ ಹೆಣ್ಣನ್ನು ಗಂಡನ ಮನೆಗೆ ಸೇರಿಸಲಾದೀತೇ?

ಮೊದಲೆರಡು ವರ್ಷ ವಾರಿಜಾ ಹಿರಿಯ ಡಾಕ್ಟರುಗಳ ಪಕ್ಕದಲ್ಲಿ ನಿಂತು ಕಲಿತಳು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ, ಬೆನ್ನು ಎತ್ತ ಎಂದು ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೊಲಿಗೆ ಹಾಕಿದರೆ ಕಲೆ ಉಳಿಯುತ್ತಿರಲಿಲ್ಲ. ಆಪರೇಷನ್ನಿನಲ್ಲಿ ಎಲ್ಲ ಅವಳೇ ಮಾಡುತ್ತಿದ್ದಳು, ಕೂಸನ್ನು ಎತ್ತುವ ಗಳಿಗೆಗೆ ಮೇಡಂ ಕೈಹಾಕುತ್ತಿದ್ದರು. ಅವಸರದ ಹೆರಿಗೆಯಾದರೂ ಒಂದು ದಕ್ಕೀತು ಎಂದರೆ ಅದೂ ಇಲ್ಲ. ನೋವು ತಿನ್ನುತ್ತಾ ಆಟೋದಲ್ಲಿ ಬಂದ ಹೆಂಗಸರು ಬಾಗಿಲಲ್ಲಿ ವಾರಿಜಾಳನ್ನು ಕಂಡರೆ ಹಲ್ಲುಕಚ್ಚಿ ತಡೆದುಕೊಳ್ಳುತ್ತಿದ್ದರು, ಮುನೀರನನ್ನು ಎಬ್ಬಿಸಿ ತರುವವರೆಗೆ. ಅದು ಹೇಗೆ ತಡೆಯುತ್ತಿದ್ದರೋ, ಯಾವ ಪುಸ್ತಕದಲ್ಲೂ ಇಲ್ಲ.

ಮೂರನೇ ವರ್ಷ ಮುಗಿಯುತ್ತಾ ಬಂತು. ನೀಲಾಂಬಿಕೆ ಮೇಡಂ ಅವರದೊಂದು ಕಟ್ಟಳೆಯಿತ್ತು. ಮನೆಯವರು ಕೇಳಿ ಒಪ್ಪಿಸಿದ ಒಂದು ಹೆರಿಗೆಯನ್ನಾದರೂ ಮೊದಲಿಂದ ಕೊನೆತನಕ ಸ್ವಂತ ಕೈಯಲ್ಲಿ ಮಾಡಿಸಬೇಕು, ಆಮೇಲೆ ಆ ಮನೆಯ ಹಿರಿಯರು ಬಾಯಿಬಿಟ್ಟು 'ಕೈ ಒಪ್ಪಿದೆ' ಅನ್ನಬೇಕು. ಅಲ್ಲಿಯವರೆಗೆ ಸರ್ಟಿಫಿಕೇಟಿಗೆ ಮೇಡಂ ಸಹಿ ಇಲ್ಲ. ಸಹಿ ಇಲ್ಲದೆ ವಾರಿಜಾ ಊರಿಗೆ ಮರಳಿದರೆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಬೇರೊಂದು ಸಂಕಟವಿತ್ತು, ಅದನ್ನು ಬಹಳ ವರ್ಷದ ಮೇಲೆ ಅವಳೇ ನನಗೆ ಹೇಳಿದ್ದು. ಪಕ್ಕದಲ್ಲಿ ನಿಂತು ಅಷ್ಟು ಕೂಸುಗಳನ್ನು ನೋಡಿದ ಮೇಲೆ, ಬಿಸಿಬಿಸಿ ಜಾರುವ ಆ ಜೀವ ಒಂದು ಸಲ ತನ್ನ ಅಂಗೈಗೆ ಬೀಳಲಿ ಎಂದು ಅವಳ ಕೈ ಹಂಬಲಿಸುತ್ತಿತ್ತಂತೆ. ಹಾಸ್ಟೆಲಿನಲ್ಲಿ ಕೂತು ಬರಿಗೈ ನೋಡಿಕೊಂಡು ಅಳುತ್ತಿದ್ದಳಂತೆ.

ಮುನೀರನಿಗೆ ಕನಿಕರ ಬಂತು. ಚಾಳಿ ತಾನೇ, ಬಿಡಿಸಿದರಾಯಿತು ಎಂದು ಅವಳಿಗೆ ಪಾಠಕ್ಕೆ ನಿಂತ. ವಾರ್ಡಿನ ಬಾಗಿಲಿಂದ ಕಾರಿಡಾರಿನ ತುದಿಯವರೆಗೆ ಅವಳು ನಡೆಯಬೇಕು, ಅವನು ತುದಿಯಲ್ಲಿ ನಿಂತು ಕರೆಯಬೇಕು. ಮೊದಮೊದಲು ನಾಲ್ಕು ಹೆಜ್ಜೆಗೆ ಅವಳ ಕತ್ತು ತಾನಾಗಿ ತಿರುಗುತ್ತಿತ್ತು. ಆಮೇಲೆ ಸ್ಟೆತಾಸ್ಕೋಪಿನ ಎರಡು ತುದಿಯನ್ನು ಎರಡು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಡೆಯುವುದನ್ನು ಕಲಿತಳು, ದನಕ್ಕೆ ಮೂಗುದಾರ ಹಾಕಿದ ಹಾಗೆ. ಅಂತೂ ಒಂದು ದಿನ ತುದಿ ಮುಟ್ಟಿದಳು. ಮುನೀರ್ ನಿಂತಲ್ಲೇ ತೂಕಡಿಸುತ್ತಿದ್ದನಾದ್ದರಿಂದ ಶಹಬ್ಬಾಸ್ ಎನ್ನಲು ಯಾರೂ ಇರಲಿಲ್ಲ. ಆದರೂ ದಿನದಿನಕ್ಕೆ ಪಳಗಿದಳು. ಒಂದು ಗುರುವಾರ ಕ್ಯಾಂಟೀನಿನ ಮುಂದೆ ಹಾದು ಬಾಣದ ಹಾಗೆ ನೆಟ್ಟಗೆ ನಡೆದುಹೋದಳು.

ಆ ಗುರುವಾರ ಕ್ಯಾಂಟೀನಿನಲ್ಲಿ ಕೂತಿದ್ದವಳು ನಮ್ಮಜ್ಜಿ ಪುಟ್ಟಗೌರಮ್ಮ. ಅಜ್ಜಿ ಮೇಲಿನ ಪೇಟೆಯಲ್ಲಿ ಇಡ್ಲಿ ಹೋಟೆಲು ನಡೆಸುತ್ತಿದ್ದವಳು, ಸಾಂಬಾರಿಗೆ ಉಪ್ಪು ಬೇಕು ಎಂದ ಗಿರಾಕಿಯನ್ನು ಎಬ್ಬಿಸಿ ಕಳಿಸುವಷ್ಟು ಖಡಕ್ಕು. ಎಲ್ಲದಕ್ಕೂ ಆಯ್ತು ಅನ್ನುವ ಮಗನನ್ನು ಸಾಕಿ ಸಾಕಾಗಿದ್ದ ಅವಳಿಗೆ ಮೊಮ್ಮಗುವಾದರೂ ನೆಟ್ಟಗಿರಲಿ ಎಂಬ ಆಸೆ. ಪಕ್ಕದ ಮೇಜಿನವರು, ಆ ಹುಡುಗಿ ಹಿಂದೆ ಹೀಗಿದ್ದಳು ಹಾಗಿದ್ದಳು ಎಂದು ಕಿವಿಯಲ್ಲಿ ಹೇಳಿದರೆ, ಊರವರ ಬಾಯಿ ನನಗೆ ಬೇಡ, ನನ್ನ ಕಣ್ಣಿಗೆ ಕಂಡದ್ದು ಸಾಕು ಎಂದಳು. ಇಡೀ ದಿನ ಕೂತು ನೋಡಿದಳು. ವಾರಿಜಾ ಒಮ್ಮೆಯೂ ತಿರುಗಲಿಲ್ಲ. ಇಂಥ ನಡಿಗೆ ಈ ಊರಲ್ಲೇ ಇಲ್ಲ, ಈ ಕೈಯೇ ಇರಲಿ ಎಂದು ಅಜ್ಜಿ ಮೇಡಂಗೆ ಹೇಳಿ ಬಂದಳು. ಮನೆಯಲ್ಲಿ ಅಪ್ಪ ಆಯ್ತು ಆಯ್ತು ಎಂದ. ನಮ್ಮಮ್ಮ ಸಾವಂತ್ರಿಗೆ ಸುದ್ದಿ ಗೊತ್ತಾದದ್ದು ಹೋಟೆಲಿನ ರುಬ್ಬುವ ಕೆಲಸದವಳಿಂದ.

ವಾರಿಜಾಳಿಗೆ ಸಂತೋಷಕ್ಕಿಂತ ಅಳುಕು ಹೆಚ್ಚಾಯಿತು. ಮೇಡಂ ಹತ್ತಿರ ಹೋಗಿ, ಇದು ಕಲಿತ ನಡಿಗೆ ಮೇಡಂ, ನನ್ನದಲ್ಲ, ಕೂಸಿಗೆ ಯಾವುದು ಹೋಗುತ್ತದೋ ಏನೋ ಎಂದಳು. ಮೇಡಂ ಲೊಚಗುಟ್ಟಿ, ನಾನೂ ಹೆರಿಗೆ ಮಾಡಿಸುವುದನ್ನು ಕಲಿತೇ ಮಾಡಿದೆ, ಹುಟ್ಟಿನಿಂದ ಬಂದದ್ದಲ್ಲ, ನೋಡೋಣ ಎಂದಷ್ಟೇ ಹೇಳಿ ಕಳಿಸಿದರು.

ಅಮ್ಮನಿಗೆ ಬೆಳಗಿನ ಹೊತ್ತು ನೋವು ಬಂತು. ವಾರಿಜಾ ಅಮ್ಮನ ಪಕ್ಕ ಬಿಟ್ಟು ಕದಲಲಿಲ್ಲ. ಸೊಂಟ ನೀವಿದಳು, ನೀರು ಕುಡಿಸಿದಳು, ಗೋಡೆ ಹಿಡಿದು ನಡೆಸಿದಳು, ಕೂಸಿನ ಎದೆಬಡಿತ ಕೇಳಿ ಅಮ್ಮನಿಗೂ ಕೇಳಿಸಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ತಲೆ ಕಂಡಿತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಒಂದು ಸುತ್ತು ಬಿದ್ದಿತ್ತಂತೆ, ವಾರಿಜಾ ಬೆರಳು ತೂರಿಸಿ ಸರ ತೆಗೆದ ಹಾಗೆ ತೆಗೆದಳಂತೆ. ಆಮೇಲೆ ಭುಜ, ಆಮೇಲೆ ಪೂರ್ತಿ ನಾನು, ಅವಳ ಎರಡು ಅಂಗೈಗೆ. ನಾನು ಅತ್ತೆ. ಅವಳೂ ಅತ್ತಳು. ಅದನ್ನು ಯಾರಿಗೂ ಹೇಳಬೇಡ ಎಂದು ಅಮ್ಮನ ಹತ್ತಿರ ಮಾತು ತೆಗೆದುಕೊಂಡಿದ್ದಳಂತೆ, ಅಮ್ಮ ಊರಿಗೆಲ್ಲ ಹೇಳಿದಳು.

ಮಾಸು ಬಿತ್ತು. ಚೂರು ಒಳಗೆ ಉಳಿದಿಲ್ಲ ತಾನೇ ಎಂದು ವಾರಿಜಾ ತಿರುವಿ ಹಾಕಿ ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದಳು, ಗರ್ಭಕೋಶ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿತ್ತು. ಹರಿದಲ್ಲಿ ಹೊಲಿಗೆ ಹಾಕಿದಳು, ರಕ್ತ ಹಿಡಿತದಲ್ಲಿತ್ತು. ಎಲ್ಲ ಸರಿ. ಇನ್ನು ಕೈ ಒಪ್ಪಿಸುವುದೊಂದೇ ಬಾಕಿ.

ಅದೇನೆಂದು ಹೇಳಲಿಲ್ಲ ಅಲ್ಲವೇ? ನಮ್ಮೂರಿನಲ್ಲಿ ಹೆರಿಗೆ ಮಾಡಿಸಿದವರೇ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು ಮನೆಯ ಹಿರಿಯರ ಮಡಿಲಿಗೆ ಹಾಕಬೇಕು, ಹಾಕಿ ಕಾರಿಡಾರಿನ ತುದಿಯವರೆಗೆ ನಡೆದು ಹೋಗಬೇಕು. ಮನೆಯವರು ಆ ಚಾಳಿಯನ್ನು ಕೊನೆಯ ಸಲ ಕಣ್ಣಾರೆ ನೋಡಿ, ಕೈ ಒಪ್ಪಿದೆ ಎನ್ನುತ್ತಾರೆ. ಮುನೀರನಾದರೆ ಅರ್ಧ ದಾರಿಯಲ್ಲೇ ಗೋಡೆಗೊರಗಿ ಮಲಗಿಬಿಡುತ್ತಿದ್ದ, ಜನ ಕೈಮುಗಿಯುತ್ತಿದ್ದರು.

ವಾರಿಜಾ ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಅಪ್ಪ, ಸೋದರತ್ತೆಯರು, ಚಿಕ್ಕಪ್ಪಂದಿರು, ಹೋಟೆಲಿನ ಹತ್ತಿಪ್ಪತ್ತು ಗಿರಾಕಿಗಳು ಎಲ್ಲ ಸಾಲಾಗಿ ನಿಂತಿದ್ದರು. ಬೇಡದ ಕೈಯ ಮೊದಲ ಹೆರಿಗೆ ಎಂದು ಬೇರೆ ವಾರ್ಡಿನವರೂ ಬಂದಿದ್ದರು. ತುದಿಯಲ್ಲಿ ನೀಲಾಂಬಿಕೆ ಮೇಡಂ, ಪಕ್ಕದಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಮುನೀರ್. ವಾರಿಜಾ ಸ್ಟೆತಾಸ್ಕೋಪಿನ ಎರಡು ತುದಿ ಹಿಡಿದು ಹೊರಟಳು. ನೆಟ್ಟಗೆ ನಡೆದಳು. ಅಜ್ಜಿ ಅಕ್ಕಪಕ್ಕದವರ ಮುಖ ನೋಡಿ, ಹೇಳಲಿಲ್ಲವಾ ಎಂಬಂತೆ ಹುಬ್ಬು ಹಾರಿಸಿದಳು. ಅರ್ಧ ಕಾರಿಡಾರು ದಾಟಿತು. ಆಗ ವಾರಿಜಾಳ ಕಣ್ಣಿಗೆ ಬಿದ್ದವಳು ಲೇಬರ್ ವಾರ್ಡಿನ ನರ್ಸು. ಅವಳೂ ತಮಾಷೆ ನೋಡಲು ಬಂದು ಸಾಲಿನಲ್ಲಿ ನಿಂತಿದ್ದಳು. ಆಯಾ ಅವಳ ಪಕ್ಕ ನಿಂತಿದ್ದಳು. ಹಾಗಾದರೆ ಒಳಗೆ ಸಾವಂತ್ರಿಯ ಹತ್ತಿರ ಯಾರಿದ್ದಾರೆ?

ನೋಡಿ ಬಂದಿದ್ದೇನೆ, ಎಲ್ಲ ಸರಿಯಾಗಿದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಇನ್ನು ಹತ್ತು ಹೆಜ್ಜೆ ನಡೆದರೆ ಸಹಿ. ಮುನೀರ್ ಬಾ ಬಾ ಎಂದು ಕೈ ಬೀಸುತ್ತಿದ್ದ. ಮುಷ್ಟಿ ಎಷ್ಟು ಬಿಗಿಯಿತ್ತೆಂದರೆ ಬೆರಳು ಬಿಳುಚಿದ್ದವು. ಹೆರಿಗೆಯಾದ ಮೇಲಿನ ಒಂದು ಗಂಟೆ ತಾಯಿಯನ್ನು ಒಂಟಿ ಬಿಡಬೇಡಿ ಎಂದು ಮೇಡಂ ಮೊದಲ ದಿನ ಹೇಳಿದ ಪಾಠ ನೆನಪಾಯಿತೋ, ಪಾಠವೂ ಇಲ್ಲ ಏನೂ ಇಲ್ಲ, ಬರೀ ಚಾಳಿಯೋ, ಅವಳಿಗೇ ಇವತ್ತಿಗೂ ಗೊತ್ತಿಲ್ಲ. ಸ್ಟೆತಾಸ್ಕೋಪು ಕೈಬಿಟ್ಟಳು. ನಿಂತಳು. ಊರೆಲ್ಲ ನೋಡುತ್ತಿದ್ದ ಹಾಗೆ ತಿರುಗಿದಳು, ತಿರುಗಿ ಓಡಿದಳು.

ಬೇರೆ ಯಾರಾದರೂ ಕಟ್ಟಿ ಹೇಳಿದ್ದರೆ ಇಲ್ಲಿ ನಮ್ಮಮ್ಮ ರಕ್ತದ ಮಡುವಿನಲ್ಲಿ ಬಿದ್ದಿರಬೇಕಿತ್ತು, ವಾರಿಜಾ ಪ್ರಾಣ ಉಳಿಸಬೇಕಿತ್ತು. ಏನೂ ಆಗಿರಲಿಲ್ಲ. ಗರ್ಭಕೋಶ ಗಟ್ಟಿಯಾಗಿಯೇ ಇತ್ತು, ನಾಡಿ ಸರಿಯಿತ್ತು. ಅಮ್ಮ ಒಬ್ಬಳೇ ಮಲಗಿ ಫ್ಯಾನು ನೋಡುತ್ತಿದ್ದಳು, ಅಷ್ಟೆ. ಹೊದಿಕೆ ಕಾಲಿನಿಂದ ಜಾರಿತ್ತು. ನೀರಿನ ಲೋಟ ಕೈಗೆಟುಕದಷ್ಟು ದೂರ ಇತ್ತು.

"ಏನಾರ ಮರೆತ್ರಾ ಡಾಕ್ಟ್ರಮ್ಮ?" ಎಂದಳು ಅಮ್ಮ.

"ಇಲ್ಲ. ಸುಮ್ನೆ ನೋಡೋಣ ಅಂತ ಬಂದೆ."

ಅಮ್ಮ ಫ್ಯಾನಿನಿಂದ ಕಣ್ಣು ಕಿತ್ತು ಅವಳ ಕಡೆ ನೋಡಿದಳಂತೆ. ಆಮೇಲೆ ಹೇಳಿದ್ದು ಇಷ್ಟು: "ಎಲ್ಲಾ ಕೂಸಿನ ಹಿಂದೆ ಹೋದ್ರು. ನಾನೂ ಇದೀನಿ ಅನ್ನೋದು ನಂಗೇ ಮರ್ತೋಗಿತ್ತು."

ವಾರಿಜಾ ಹೊದಿಕೆ ಸರಿಮಾಡಿದಳು, ತಲೆ ಎತ್ತಿ ಹಿಡಿದು ನೀರು ಕುಡಿಸಿದಳು, ಮತ್ತೆ ಒಮ್ಮೆ ಹೊಟ್ಟೆ ಮುಟ್ಟಿ ನೋಡಿದಳು. ಸ್ಟೂಲು ಎಳೆದು ಪಕ್ಕದಲ್ಲಿ ಕೂತಳು. ಸಹಿ ಹೋಯಿತು ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ಕೋಣೆಯಲ್ಲಿ ಕೂತಾಗ ಒಂದು ವಿಚಿತ್ರ ನೆಮ್ಮದಿ ಇತ್ತಂತೆ, ಬೀಗ ಹಾಕಿದೆಯೆಂದು ಕೈಯಾರೆ ಎಳೆದು ನೋಡಿದಾಗ ಆಗುವಂಥದು.

ಅಷ್ಟರಲ್ಲಿ ಅಜ್ಜಿ ನನ್ನನ್ನು ಎತ್ತಿಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಳು. ಇದು ಮೋಸ, ನೆಟ್ಟಗೆ ನಡೆಯುವ ಕೈ ಎಂದು ತೋರಿಸಿ ತಿರುಗುವ ಕೈ ಕೊಟ್ಟಿರಿ, ನನ್ನ ಮನೆಯ ಕೂಸನ್ನು ಕೆಡಿಸಿದಿರಿ ಎಂದು ಆಸ್ಪತ್ರೆ ಹಾರಿಹೋಗುವ ಹಾಗೆ ಕೂಗಿದಳು. ಅಪ್ಪ ಅವಳಿಗೂ ಆಯ್ತು ಎಂದ, ಮೇಡಂಗೂ ಆಯ್ತು ಎಂದ. ವಾರಿಜಾ ತಲೆ ತಗ್ಗಿಸಿ ನಿಂತಳು. ಆಗ ಮಂಚದಿಂದ ಅಮ್ಮನ ದನಿ ಬಂತು. ನಮ್ಮೂರಿನಲ್ಲಿ ಹೆತ್ತವಳು ಕೈಯ ವಿಷಯದಲ್ಲಿ ಬಾಯಿ ಹಾಕಿದ್ದು ಅದೇ ಮೊದಲು.

"ಕೆಟ್ಟಿದ್ರೆ ಕೆಡ್ಲಿ ಅತ್ತೆ. ನಾಳೆ ಎಲ್ಲಿಗಾದ್ರೂ ಹೋಗೋವಾಗ ಬಾಗ್ಲಲ್ಲಿ ಒಂದ್ಸಲ ತಿರುಗಿ ನೋಡೋ ಮಗು ಬೇಕು ನಂಗೆ. ನಿಮ್ ಮಗ ಯಾವತ್ತಾದ್ರೂ ನೋಡಿದ್ರಾ?"

ಅಜ್ಜಿ ಕೈ ಒಪ್ಪಿದೆ ಎಂದು ಹೇಳಲಿಲ್ಲ. ಮುಖ ಗಂಟಿಕ್ಕಿಕೊಂಡು ಹೊರಗೆ ಹೋದಳು. ಮೇಡಂ ಲೊಚಗುಟ್ಟಿ, ಅದಾದ ಮೇಲೆ ಮಾತೇ ಆಡದೆ ಹೊರಟರು. ಅವರು ಲೊಚಗುಟ್ಟಿ ಸುಮ್ಮನಾದದ್ದು ಅದೊಂದೇ ಸಲ ಎಂದು ಹೇಳುತ್ತಾರೆ.

ಆಸ್ಪತ್ರೆಯಿಂದ ನಮ್ಮನ್ನು ಮನೆಗೆ ಕಳಿಸುವ ದಿನ ವಾರಿಜಾ ಹಾಸ್ಟೆಲಿನಲ್ಲಿ ಪೆಟ್ಟಿಗೆ ಕಟ್ಟಿಟ್ಟಿದ್ದಳು. ಕೊನೆಯದಾಗಿ ಅಮ್ಮನ ಹೊಲಿಗೆ ನೋಡಲು ಬಂದಳು, ನೋಡಿದಳು, ಬಾಗಿಲವರೆಗೆ ಹೋಗಿ ಮತ್ತೆ ಬಂದು ನೋಡಿದಳು. ಈಗ ಅಡಗಿಸುವ ಕಾರಣವೇ ಇರಲಿಲ್ಲ. ಅಮ್ಮ ನಕ್ಕಳು. ಆಮೇಲೆ ಎಲ್ಲರೂ ಹೊರಟರು. ಅಜ್ಜಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಬಾಣದ ಹಾಗೆ ಮುಂದೆ, ಹಿಂದೆ ಅಪ್ಪ, ಅವನ ಹಿಂದೆ ಗಂಟುಮೂಟೆ ಹೊತ್ತ ಚಿಕ್ಕಪ್ಪ. ಗೇಟಿನವರೆಗೆ ಉದ್ದನೆಯ ದಾರಿ, ಎರಡು ಕಡೆ ಹೊಂಗೆ ಮರ. ವಾರಿಜಾ ಹೆರಿಗೆ ವಾರ್ಡಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು, ಮೇಡಂ ಅವಳ ಹಿಂದೆ ನಿಂತಿದ್ದರು.

ಇನ್ನೇನು ಗೇಟು ದಾಟಬೇಕು, ಅಷ್ಟರಲ್ಲಿ ಅಜ್ಜಿಯ ಕುತ್ತಿಗೆಗೆ ಏನೋ ಮೆತ್ತಗೆ ಉಜ್ಜಿದಂತಾಯಿತು. ಕತ್ತು ನಿಲ್ಲದ ಎಳೆಗೂಸು ತಲೆ ಹೊರಳಿಸುವುದುಂಟೇ ಎಂದು ನೀವು ಕೇಳಬಹುದು. ನನಗೂ ನಂಬಿಕೆಯಿಲ್ಲ. ಆದರೆ ನಾನು ತಲೆ ಹೊರಳಿಸಿದೆನಂತೆ, ಹಿಂದಕ್ಕೆ, ಬಂದ ದಾರಿಯ ಕಡೆಗೆ. ಅಜ್ಜಿ ಇದೇನು ನೋಡುತ್ತಿದೆ ಎಂದು ತಾನೂ ತಿರುಗಿದಳು. ಅವಳ ಜನ್ಮದಲ್ಲಿ ದಾರಿಯ ಮಧ್ಯೆ ಹಿಂದಿರುಗಿದ್ದು ಅದೇ ಮೊದಲಿರಬೇಕು.

ಬಹಳ ಹಿಂದೆ, ಮೂರನೆಯದೋ ನಾಲ್ಕನೆಯದೋ ಹೊಂಗೆ ಮರದ ಹತ್ತಿರ, ನಮ್ಮಮ್ಮ ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದು ಕೈಯನ್ನು ಮರಕ್ಕೆ ಕೊಟ್ಟು ನಿಂತಿದ್ದಳು. ಹೊಲಿಗೆ ಎಳೆಯುತ್ತಿತ್ತು, ನಡೆಯಲಾಗುತ್ತಿರಲಿಲ್ಲ. ಕೂಗಿ ಕರೆಯುವುದಕ್ಕೆ ಸಂಕೋಚವಾಗಿತ್ತು.

ಅಜ್ಜಿಗೆ ತಾನು ಮಗನನ್ನು ಹೆತ್ತು ಬಂದ ದಿನವೂ ಇದೇ ದಾರಿಯಲ್ಲಿ ಅತ್ತೆಯ ಬೆನ್ನು ನೋಡುತ್ತಾ ನಡೆದಿದ್ದು ನೆನಪಾಯಿತೋ ಏನೋ. ಅದನ್ನು ಅವಳು ಎಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನನ್ನು ಅಪ್ಪನ ಕೈಗೆ ಕೊಟ್ಟು, ವಾಪಸು ನಡೆದುಹೋಗಿ, ಅಮ್ಮನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಅಲ್ಲಿಂದಲೇ, ಮೆಟ್ಟಿಲ ಮೇಲೆ ನಿಂತವರಿಗೆ ಕೇಳಿಸುವ ಹಾಗೆ, ಹೋಟೆಲಿನಲ್ಲಿ ಆರ್ಡರು ಹೇಳುವ ದನಿಯಲ್ಲಿ ಹೇಳಿದಳು.

"ಕೈ ಒಪ್ಪಿದೆ."

ಸಹಿ ಬಿತ್ತು. ಮುಂದಿನ ಗುರುವಾರ ಕ್ಯಾಂಟೀನಿಗೆ ಹಿರಿಯರ ಜೊತೆ ಬಸುರಿಯರೂ ಬಂದರು, ನಮ್ಮ ಕೈಯನ್ನು ನಾವೇ ನೋಡುತ್ತೇವೆ ಎಂದು ಹಟಹಿಡಿದು. ಪೆಟ್ಟಿಗೆ ಬಿಚ್ಚಿದ ವಾರಿಜಾ ಹೋಗಲೇ ಇಲ್ಲ. ಈಗ ಆ ವಿಭಾಗ ಅವಳದು. ಅವಳು ರೌಂಡ್ಸಿಗೆ ಬಂದರೆ ಎಲ್ಲದಕ್ಕೂ ಎರಡರಷ್ಟು ಹೊತ್ತು, ಯಾಕೆಂದು ಹೊಸದಾಗಿ ಸೇರಿದ ಪಿ.ಜಿ.ಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಒಂದು ಉಳಿಯಿತು. ನಾನು ಶಾಲೆಗೆ ಹೋಗತೊಡಗಿದಾಗಿನಿಂದ ಬೀದಿಯ ತಿರುವಿನಲ್ಲಿ ನಿಂತು ಮನೆಯ ಕಡೆ ಒಮ್ಮೆ ನೋಡುತ್ತಿದ್ದೆ. ಬಾಗಿಲಲ್ಲಿ ಅಮ್ಮ ನಿಂತಿರುತ್ತಿದ್ದಳು, ಅವಳ ಹಿಂದೆ, ಏನೋ ಕೆಲಸಕ್ಕೆ ಬಂದವಳ ಹಾಗೆ, ಅಜ್ಜಿ. ನಾನು ಕಾಲೇಜು ಸೇರುವ ಹೊತ್ತಿಗೆ ಅಜ್ಜಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ತಿರುಗಿದೆನೋ ಇಲ್ಲವೋ ಅವಳಿಗೆ ಕಾಣುತ್ತಿರಲಿಲ್ಲ. ಅದಕ್ಕೇ ತಿರುವಿನಲ್ಲಿ ನಿಂತು, ಅಜ್ಜೀ, ನೋಡಿದೆ ಎಂದು ಕೂಗುತ್ತಿದ್ದೆ. ಹೊತ್ತಾಯ್ತು ಹೋಗೇ, ಎಷ್ಟು ಸಲ ತಿರುಗುತ್ತೀಯ ಎಂದು ಅಲ್ಲಿಂದಲೇ ಬೈಯುತ್ತಿದ್ದಳು. ಬೈದಾದ ಮೇಲೆಯೇ ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದಳು.